ಇಂದಿನ ಧಮ್ಮ ಚಿಂತನೆ: ದೂರುವ ಮೊದಲು ಕಾರಣ ಹುಡುಕೋಣ

 



ಪ್ರತಿಯೊಂದು ಘಟನೆಗೂ ಕಾರಣವಿದೆ. ಆ ಕಾರಣ ಮನುಷ್ಯನ ಕ್ರಿಯೆಯಲ್ಲಿರಬೇಕು, ಇಲ್ಲವೇ ನಿಸರ್ಗದ ನಿಯಮದಲ್ಲಿರಬೇಕು. 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಆತನ ಧಮ್ಮ’ ಗ್ರಂಥದಲ್ಲಿ ಬಾಬಾಸಾಹೇಬರು ಭಗವಾನ್ ಬುದ್ಧರ ಈ ನಿಲುವನ್ನು ಬಿಡಿಸಿ ಹೇಳಿದ್ದಾರೆ. ಅಲೌಕಿಕ ಶಕ್ತಿಯ ನಂಬಿಕೆ ಧಮ್ಮವಲ್ಲ ಎಂದೂ ಹೇಳಿದ್ದಾರೆ. ವಿಹಾರದಲ್ಲಿ ಕೂತು ಇದನ್ನು ಒಪ್ಪುವುದು ಸುಲಭ. ದಿನದ ಕೆಲಸದಲ್ಲಿ ಪಾಲಿಸುವುದು ಹೇಗೆ? ನಮ್ಮ ಶಾಲೆಯ ಒಂದು ಕಂಪ್ಯೂಟರಿನ ಉದಾಹರಣೆ ಹೇಳುತ್ತೇನೆ.

ಆ ಸಿಸ್ಟಮ್ ಪದೇ ಪದೇ ನಿಂತುಹೋಗುತ್ತಿತ್ತು. ಕೆಲಸದ ನಡುವೆಯೇ ಪರದೆಯೆಲ್ಲ ನೀಲಿಯಾಗಿ, ಇಂಗ್ಲಿಷಿನಲ್ಲಿ ಏನೋ ಬರೆದು ಬಂದು, ಓದುವಷ್ಟರಲ್ಲಿ ತಾನೇ ರೀಸ್ಟಾರ್ಟ್ ಆಗುತ್ತಿತ್ತು. ನೀಲಿ ನಮ್ಮ ಬಣ್ಣ, ಆದರೆ ಈ ನೀಲಿ ಯಾರಿಗೂ ಬೇಡ! ಸ್ಟಾಫ್ ರೂಮಿನಲ್ಲಿ ಎರಡು ಕಾರಣ ಹುಟ್ಟಿಕೊಂಡವು. ಆಯುಧಪೂಜೆಯಂದು ಅದಕ್ಕೆ ಕುಂಕುಮ ಹಚ್ಚಿ ನಿಂಬೆಹಣ್ಣು ಇಡಲಿಲ್ಲ ಎಂಬುದು ಒಂದು. ಇನ್ನೊಂದು ಅದಕ್ಕಿಂತ ಕೆಟ್ಟದ್ದು: “ಆ ಹುಡುಗಿ ಕೂತಾಗಲೇ ಹಿಂಗಾಗೋದು, ಅವಳ ಕೈಗುಣ.” ಹುಡುಗಿ ಎಂಟನೇ ತರಗತಿ, ನಮ್ಮ ಕೇರಿಯವಳು. ಮಾರನೇ ದಿನದಿಂದ ಕೀಬೋರ್ಡ್ ಮುಟ್ಟದೆ ಹಿಂದೆ ನಿಂತು ನೋಡತೊಡಗಿದಳು.

ಬಂಧುಗಳೇ, ‘ಇವರು ಮುಟ್ಟಿದರೆ ಕೆಡುತ್ತದೆ’ ಎಂಬ ಮಾತು ನಮಗೆ ಹೊಸದಲ್ಲ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರನ್ನು ಬಾಬಾಸಾಹೇಬರು ಕುಡಿದ ಮೇಲೆ ಸವರ್ಣೀಯರು ಆ ಕೆರೆಯನ್ನು ‘ಶುದ್ಧಿ’ ಮಾಡಿದರು. ನೀರಿನಲ್ಲಿ ಏನು ಕೆಟ್ಟಿದೆ ಎಂದು ಅವರು ನೋಡಲಿಲ್ಲ. ಯಾರ ಕೈ ಎಂದಷ್ಟೇ ನೋಡಿದರು.

ನಾನು ವಾದಕ್ಕೆ ಇಳಿಯಲಿಲ್ಲ. ಒಂದು ನೋಟ್‌ಬುಕ್ ಇಟ್ಟೆ. ಯಾವ ದಿನ, ಎಷ್ಟು ಗಂಟೆಗೆ, ಯಾರು ಕೂತಿದ್ದರು, ಯಾವ ಪ್ರೋಗ್ರಾಂ ತೆರೆದಿತ್ತು ಎಂದು ಬರೆಸಿದೆ. ಹುಡುಗಿಯನ್ನೂ ಕರೆದು ಕೂರಿಸಿದೆ. ತಾನೇ ರೀಸ್ಟಾರ್ಟ್ ಆಗುವ ಸೆಟ್ಟಿಂಗ್ ತೆಗೆದ ಮೇಲೆ ನೀಲಿ ಪರದೆ ನಿಂತು, ಸ್ಟಾಪ್ ಕೋಡ್ ಓದಲು ಸಿಕ್ಕಿತು. ಎರಡು ವಾರದಲ್ಲಿ 9 ಸಲ ನಿಂತಿತು. ಹುಡುಗಿ ಕೂತಿದ್ದಾಗ ಎರಡೇ ಸಲ. ಕೈಗುಣದ ಮಾತಾಡಿದವರು ಕೂತಿದ್ದಾಗಲೂ ಎರಡು ಸಲ!

ಕೋಡ್ ಮಾತ್ರ ಒಂದೊಂದು ಸಲ ಒಂದೊಂದು. ಯಾವುದೋ ಒಂದು ಡ್ರೈವರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಅದದೇ ಕೋಡ್ ಬರುತ್ತದೆ. ಹೀಗೆ ಬದಲಾಗುತ್ತಿದ್ದರೆ ರ‍್ಯಾಮ್ ಪರೀಕ್ಷಿಸಬೇಕು. ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿದಾಗ ದೋಷ ಇದೆ ಎಂದಿತು. ಒಳಗೆ ಎರಡು ರ‍್ಯಾಮ್ ಸ್ಟಿಕ್ ಇದ್ದವು. ಕರೆಂಟ್ ವೈರ್ ತೆಗೆದು, ಒಂದನ್ನು ಬಿಚ್ಚಿಟ್ಟು, ಇನ್ನೊಂದರಲ್ಲೇ ಒಂದು ವಾರ ನಡೆಸಿದೆ. ಒಮ್ಮೆಯೂ ನಿಲ್ಲಲಿಲ್ಲ. ಬಳಿಕ ಬಿಚ್ಚಿಟ್ಟಿದ್ದನ್ನು ಅದೇ ಸ್ಲಾಟಿಗೆ ಹಾಕಿದೆ. ಮಧ್ಯಾಹ್ನದೊಳಗೆ ಪರದೆ ನೀಲಿ. ಅಂದರೆ ದೋಷ ಸ್ಲಾಟಿನದಲ್ಲ, ಕೂತವರದಂತೂ ಅಲ್ಲ, ಆ ಸ್ಟಿಕ್ಕಿನದು. ಅದರ ಕೆಟ್ಟ ಜಾಗಕ್ಕೆ ಮಾಹಿತಿ ಹೋದಾಗಲೆಲ್ಲ ಕಂಪ್ಯೂಟರ್ ಎಡವುತ್ತಿತ್ತು. ಒಳಗಿನದು ಕಾಣದ ಜನ ಎದುರಿಗೆ ಕಂಡವರನ್ನು ದೂರಿದ್ದರು.

ನೋಟ್‌ಬುಕ್ಕನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ತೆರೆದಿಟ್ಟೆ. ಕೆಟ್ಟ ಸ್ಟಿಕ್ಕನ್ನು ಹುಡುಗಿಯ ಕೈಗೇ ಕೊಟ್ಟು, ತರಗತಿಗೆ ವಿವರಿಸಲು ಹೇಳಿದೆ. ವಿವರಿಸಿದಳು.

ಪ್ರತೀತ್ಯ ಸಮುತ್ಪಾದದ ಸರಳ ಪಾಠ ಇದು. ಕಾರಣ ಇದ್ದಾಗ ಫಲ ಇತ್ತು, ಕಾರಣ ತೆಗೆದಾಗ ಹೋಯಿತು, ಮತ್ತೆ ಇಟ್ಟಾಗ ಮತ್ತೆ ಬಂತು. ಒಂದೊಂದನ್ನೇ ಬದಲಿಸಿ ನೋಡಿದ್ದಕ್ಕೆ ಇದು ತಿಳಿಯಿತು. ಸ್ಟಿಕ್ ಬದಲಿಸಿದ ದಿನವೇ ನಿಂಬೆಹಣ್ಣನ್ನೂ ಇಟ್ಟಿದ್ದರೆ ಹೆಸರು ನಿಂಬೆಹಣ್ಣಿಗೇ ಹೋಗುತ್ತಿತ್ತು.

ಮೂಢನಂಬಿಕೆಯಿಂದ ಯಾರಿಗೇನು ನಷ್ಟ ಎನ್ನುವವರಿದ್ದಾರೆ. ಸುಳ್ಳು ಕಾರಣಕ್ಕೆ ಯಾರಾದರೊಬ್ಬರು ಬೆಲೆ ತೆರುತ್ತಾರೆ, ಹೆಚ್ಚಾಗಿ ದನಿ ಇಲ್ಲದವರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳನ್ನು ಸ್ವೀಕರಿಸಿದ ನಮ್ಮ ಮನೆಗಳಲ್ಲೂ ಸೊಸೆಯ ಕಾಲ್ಗುಣ, ಮಗು ಹುಟ್ಟಿದ ನಕ್ಷತ್ರ ಎಂಬ ಮಾತು ಇನ್ನೂ ಕೇಳಿಬರುತ್ತದೆ. ನಮ್ಮ ಮಗಳಿಗೆ ಅಂದವರ ಮೇಲೆ ಸಿಟ್ಟಾಗುವ ನಾವು ನಮ್ಮ ಸೊಸೆಗೆ ಅದನ್ನೇ ಅನ್ನಬಾರದು.

ಇಂದು ಮನೆಯಲ್ಲಿ ಏನೇ ಕೆಟ್ಟರೂ ‘ಯಾರಿಂದ’ ಎನ್ನುವ ಮೊದಲು ‘ಯಾವುದರಿಂದ’ ಎಂದು ಕೇಳೋಣ. ಉತ್ತರ ಸಿಗುವವರೆಗೆ ಯಾರ ಹೆಸರನ್ನೂ ಬಾಯಿಗೆ ತರದಿರೋಣ. ಸಮ್ಮಾ ವಾಚಾ ಎಂದರೆ ಇದೂ ಹೌದು.

ಸಾಧು, ಸಾಧು, ಸಾಧು. ಜೈ ಭೀಮ್ 🙏