ಭೂತಕಾಲ ಕಲಿತ ಮೇಲೆ

ಮಗು ಹೇಳುತ್ತಿರುವುದು ಏನೆಂದು ತಿಳಿಯದಿದ್ದರೆ ಅದಕ್ಕೆ ಬೇಕಾದದ್ದು ಏನೆಂದು ಗೊತ್ತಾಗುವುದು ಹೇಗೆ? ಭಾಷೆ ಬಾರದ ದೇಶಕ್ಕೆ ಮಕ್ಕಳ ಸೇವೆಗೆಂದು ಹೊರಡುವವರು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಕಡಿಮೆ. ಪ್ರೀತಿಗೆ ಭಾಷೆ ಬೇಡ, ಒಂದು ನಗು ಸಾಕು ಎನ್ನುವ ಮಾತು ನಮ್ಮಲ್ಲಿ ಬಲವಾಗಿ ಬೇರೂರಿದೆ. ಗ್ವಾಟೆಮಾಲಾದಲ್ಲಿ ವಾಸವಿದ್ದಾಗ, ಬೆಳಿಗ್ಗೆ ಸ್ಪ್ಯಾನಿಷ್ ಕಲಿಯುತ್ತ ಮಧ್ಯಾಹ್ನ ಮಕ್ಕಳ ಜೊತೆ ಕೆಲಸ ಮಾಡುತ್ತ, ಆ ಮಾತನ್ನು ನಾನು ಮತ್ತೆ ಮತ್ತೆ ತೂಗಿ ನೋಡಿದ್ದೇನೆ. ನಗು ಬಾಗಿಲು ತೆರೆಯುತ್ತದೆ, ನಿಜ. ಒಳಗೆ ಹೋಗಲು ಮಾತು ಬೇಕು, ಮಾತು ಬರಲು ಕಾಲ ಬೇಕು.

ಮಧ್ಯ ಅಮೆರಿಕದ ಈ ದೇಶದಲ್ಲಿ ಸ್ಪ್ಯಾನಿಷ್ ಕಲಿಯಲು ಬರುವವರ ಊರೆಂದರೆ ಆಂಟಿಗುವಾ. 1773ರ ಭೂಕಂಪದಲ್ಲಿ ಕುಸಿದ ಹಳೆಯ ರಾಜಧಾನಿ ಅದು. ಬಿರುಕುಬಿಟ್ಟ ಚರ್ಚುಗಳನ್ನೂ ಕಲ್ಲುಹಾಸಿನ ಬೀದಿಗಳನ್ನೂ ಉಳಿಸಿಕೊಂಡು 1979ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿನ ಭಾಷಾ ಶಾಲೆಗಳಲ್ಲಿ ಸಾಮಾನ್ಯವಾಗಿ ಒಬ್ಬ ವಿದ್ಯಾರ್ಥಿಗೆ ಒಬ್ಬ ಶಿಕ್ಷಕರು. ಅಂಗಳದ ಸುತ್ತಲಿನ ಜಗಲಿಯಲ್ಲಿ ಪುಟ್ಟ ಮೇಜು, ಎದುರುಬದುರು ಎರಡು ಕುರ್ಚಿ, ಊಟದ ಹೊತ್ತಿನವರೆಗೂ ಬಿಡದೆ ಮಾತು. ಹಿಂದಿನ ಬೆಂಚಿನಲ್ಲಿ ಕೂತು ತಪ್ಪಿಸಿಕೊಳ್ಳುವ ಹಾಗಿಲ್ಲ. ಊಟವಾದ ಮೇಲೆ ಹಲವರು ಮಕ್ಕಳ ಜೊತೆ ಕೆಲಸ ಮಾಡಲು ಬಸ್ಸು ಹಿಡಿದು ಸುತ್ತಲಿನ ಹಳ್ಳಿಗಳಿಗೆ ಹೋಗುತ್ತಾರೆ. ಅಲ್ಲಿನ ಸರ್ಕಾರಿ ಶಾಲೆಗಳು ಹೆಚ್ಚಾಗಿ ಅರ್ಧ ದಿನದವು. ಉಳಿದರ್ಧ ದಿನಕ್ಕೆ ಪಾಠ ಹೇಳಿಸಿಕೊಳ್ಳುವ, ಆಡುವ, ಏನಾದರೂ ತಿನ್ನುವ ಜಾಗ ಮಕ್ಕಳಿಗೆ ಬೇಕು.

ಹೊಸದಾಗಿ ಕಲಿಯುವವರ ಕೈಯಲ್ಲಿ ಮೊದಲು ಇರುವುದು ವರ್ತಮಾನಕಾಲ ಮಾತ್ರ. ನಿನ್ನ ಹೆಸರೇನು, ನಿನಗೆ ಯಾವ ಬಣ್ಣ ಇಷ್ಟ, ನಿಮ್ಮ ಮನೆಯಲ್ಲಿ ನಾಯಿ ಇದೆಯಾ. ಇಷ್ಟೇ ಕೇಳಲು ಬರುವಾಗ ಎದುರಿನ ಮಗುವೂ ಇಷ್ಟೇ ಆಗಿ ಕಾಣುತ್ತದೆ: ಇಂದು ಇಲ್ಲಿ ನಗುತ್ತಿರುವ ಒಂದು ಮುಖ. ಅದಕ್ಕೊಂದು ನಿನ್ನೆ ಇದೆ, ಮನೆಗೆ ಹೋದ ಮೇಲೊಂದು ರಾತ್ರಿ ಇದೆ ಎಂಬುದು ನಮ್ಮ ವ್ಯಾಕರಣದ ಆಚೆಗೆ ಉಳಿಯುತ್ತದೆ. ಕೆಲವೇ ವಾರಗಳಿಗೆಂದು ಬಂದುಹೋಗುವವರ ಫೋಟೊಗಳಲ್ಲಿ ಮಕ್ಕಳೆಲ್ಲ ಒಂದೇ ತರಹ ಸಂತೋಷವಾಗಿರುವುದಕ್ಕೆ ಇದೂ ಕಾರಣವಿರಬೇಕು. ಅವರು ಮಕ್ಕಳನ್ನು ಕಂಡದ್ದು ವರ್ತಮಾನಕಾಲದಲ್ಲಿ ಮಾತ್ರ.

ಆದ್ದರಿಂದ ಮೊದಲ ದಿನಗಳಲ್ಲಿ ಮಾತು ಬೇಡದ ಕೆಲಸವೇ ಪ್ರಾಮಾಣಿಕವಾದ ಕೆಲಸ ಎಂದು ನನಗೆ ಅನ್ನಿಸಿತು. ಪೆನ್ಸಿಲ್ ಚೂಪು ಮಾಡುವುದು, ಬಣ್ಣದ ಕಾಗದ ಕತ್ತರಿಸುವುದು, ಲೋಟ ತೊಳೆಯುವುದು. ಮಧ್ಯಾಹ್ನ ಇನ್ಕಪರಿನಾ ಕಾಯಿಸುತ್ತಿದ್ದರು. ಮೆಕ್ಕೆಜೋಳದ ಹಿಟ್ಟಿಗೆ ಪ್ರೋಟೀನು, ಜೀವಸತ್ವ ಸೇರಿಸಿದ ಪುಡಿ ಅದು. ಗ್ವಾಟೆಮಾಲಾದಲ್ಲೇ ಇರುವ, 1949ರಲ್ಲಿ ಆರಂಭವಾದ ಮಧ್ಯ ಅಮೆರಿಕದ ಪೌಷ್ಟಿಕಾಂಶ ಸಂಸ್ಥೆ ಬಡ ಮಕ್ಕಳಿಗೆಂದೇ ರೂಪಿಸಿದ್ದು. ನೀರಿಗೆ ಹಾಕಿ ಗಂಟಾಗದಂತೆ ಕದಡುತ್ತ, ಚಕ್ಕೆ ಹಾಕಿ ಕುದಿಸಿ, ಬಿಸಿಬಿಸಿಯಾಗಿ ಪ್ಲಾಸ್ಟಿಕ್ ಲೋಟಗಳಿಗೆ ಸುರಿಯಬೇಕು. 2014–15ರ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಪ್ರಕಾರ ಆ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 46.5ರಷ್ಟು ಮಂದಿ ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿರಲಿಲ್ಲ. ಆರು ವರ್ಷದವಳೆಂದುಕೊಂಡ ಹುಡುಗಿ ಮೂರನೇ ತರಗತಿಯ ಪುಸ್ತಕ ತೆಗೆದಾಗ ಆ ಅಂಕಿ ಕಣ್ಣೆದುರು ಬಂದು ಕೂರುತ್ತದೆ.

ಗ್ವಾಟೆಮಾಲಾದ ಮಕ್ಕಳು ಟೀಚರನ್ನು 'ಸೆನ್ಯೊ' ಎಂದು ಕರೆಯುತ್ತಾರೆ. ನನ್ನನ್ನೂ ಹಾಗೆಯೇ ಕರೆದರು. ಆದರೆ ಕಲಿಸುತ್ತಿದ್ದವರು ಅವರೇ. ಗುಣಾಕಾರದ ಲೆಕ್ಕವನ್ನು ನಾನು ವಿವರಿಸಲು ಹೊರಟರೆ ಪಕ್ಕದಲ್ಲಿ ಕೂತ ಹುಡುಗಿ ಲೆಕ್ಕ ಬಿಟ್ಟು ನನ್ನ ವಾಕ್ಯ ತಿದ್ದುತ್ತಿದ್ದಳು. ನಗುತ್ತಿರಲಿಲ್ಲ. ಸರಿಯಾದ ರೂಪವನ್ನು ನಿಧಾನವಾಗಿ ಹೇಳಿ, ನಾನು ಅದನ್ನು ಒಪ್ಪಿಸುವ ತನಕ ಪೆನ್ಸಿಲನ್ನು ಗಲ್ಲಕ್ಕೆ ಒತ್ತಿಕೊಂಡು ಕಾಯುತ್ತಿದ್ದಳು. ತರಗತಿಯಲ್ಲಿ ಹಿಂದುಳಿದವಳೆಂದು ಪಾಠಕ್ಕೆ ಕಳಿಸಿದ್ದ ಮಗು ಅದು. ಓದಿ ಬರೆದು ದೊಡ್ಡವರಾದವರೊಬ್ಬರು ತನ್ನ ಮುಂದೆ ತೊದಲುತ್ತಿರುವುದನ್ನು ಕಂಡು ಅವಳ ಬೆನ್ನು ನೆಟ್ಟಗಾಗುತ್ತಿತ್ತು. ನಾನು ಅವಳಿಗೆ ಕೊಟ್ಟದ್ದರಲ್ಲಿ ಬೆಲೆಯುಳ್ಳದ್ದು ಅದೊಂದೇ ಇರಬಹುದು. ನೆರವು ಪಡೆಯುವವರಿಗೆ ಏನನ್ನಾದರೂ ಕೊಡುವ ಅವಕಾಶ ಇರದಿದ್ದರೆ ನೆರವು ಮೇಲಿನಿಂದ ಬೀಳುವ ವಸ್ತುವಾಗುತ್ತದೆ. ಕಲಿಯುವವರ ಸ್ಥಾನದಲ್ಲಿ ಕೂತವರು ಆ ಎತ್ತರದಿಂದ ತಾವಾಗಿಯೇ ಕೆಳಗಿಳಿದಿರುತ್ತಾರೆ.

ಆಮೇಲೆ ಭೂತಕಾಲ ಬರುತ್ತದೆ. ಸ್ಪ್ಯಾನಿಷ್‌ನಲ್ಲಿ ಆಗಿ ಮುಗಿದದ್ದಕ್ಕೆ ಒಂದು ರೂಪ, ಹಿಂದೆ ನಡೆಯುತ್ತಲೇ ಇದ್ದದ್ದಕ್ಕೆ ಇನ್ನೊಂದು. ಕಲಿಯುವವರಿಗೆ ಇವೆರಡರ ವ್ಯತ್ಯಾಸ ಬಹಳ ದಿನ ಕೈಗೆ ಹತ್ತುವುದಿಲ್ಲ. ನನಗದು ಅರ್ಥವಾದದ್ದು ಮಕ್ಕಳ ಮಾತಿನಲ್ಲಿ. ಅಪ್ಪ ಸಂಜೆ ಹೊತ್ತು ಚೆಂಡಾಟ ಆಡಿಸುತ್ತಿದ್ದ; ಒಂದು ದಿನ ಉತ್ತರಕ್ಕೆ ಹೋದ. 2018ರ ಜೂನ್ 3ರಂದು ಫ್ವೇಗೊ ಜ್ವಾಲಾಮುಖಿ ಸಿಡಿದು, ಅದರ ಮಗ್ಗುಲಿನ ಸ್ಯಾನ್ ಮಿಗೆಲ್ ಲೋಸ್ ಲೋಟೆಸ್ ಎಂಬ ಹಳ್ಳಿ ಬೂದಿಯಡಿ ಹೂತುಹೋದ ಕಥೆಯೂ ಇದೇ ಎರಡು ರೂಪಗಳಲ್ಲಿ ಬಂತು: ನಾವು ಊಟ ಮಾಡುತ್ತಿದ್ದೆವು, ಆಕಾಶ ಕಪ್ಪಾಯಿತು. ಅಪ್ಪ ಹೋದ ಉತ್ತರ ಎಂದರೆ ಅಮೆರಿಕ. ಅಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣ ಇತ್ತೀಚಿನ ವರ್ಷಗಳಲ್ಲಿ ಗ್ವಾಟೆಮಾಲಾದ ಒಟ್ಟು ಉತ್ಪನ್ನದ ಸುಮಾರು ಐದನೇ ಒಂದು ಭಾಗಕ್ಕೆ ಸಮ. ಆ ಹಣದ ಹಿಂದೆ ಚೆಂಡಾಟ ನಿಂತುಹೋದ ಸಂಜೆಗಳಿವೆ.

ಕೇಳಲು ಬಂದ ಮಾತ್ರಕ್ಕೆ ಎಲ್ಲವನ್ನೂ ಕೇಳುವ ಹಕ್ಕು ಬರುವುದಿಲ್ಲ ಎಂಬುದು ಅದರ ಬೆನ್ನಿಗೇ ಬರುವ ಪಾಠ. 1960ರಿಂದ 1996ರವರೆಗೆ ಗ್ವಾಟೆಮಾಲಾದಲ್ಲಿ ಅಂತರ್ಯುದ್ಧ ನಡೆಯಿತು. ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು ಅಥವಾ ಕಣ್ಮರೆಯಾದರು, ಪೂರ್ತಿ ಗುರುತು ಸಿಕ್ಕ ಬಲಿಪಶುಗಳಲ್ಲಿ ಶೇ 83ರಷ್ಟು ಮಂದಿ ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನ ಎಂದು 1999ರಲ್ಲಿ ಸತ್ಯಶೋಧನಾ ಆಯೋಗ ಹೇಳಿತು. ಮಕ್ಕಳನ್ನು ಕರೆದೊಯ್ಯಲು ಬರುವ ಅಜ್ಜಿಯರ ಯೌವನ ಕಳೆದದ್ದು ಆ ವರ್ಷಗಳಲ್ಲಿ. ಅವರು ಹೇಳಿದರೆ ಕೇಳಬೇಕು. ಹೇಳದಿದ್ದರೆ ಆ ಮೌನವನ್ನು ಹಾಗೆಯೇ ಬಿಡಬೇಕು. ಭಾಷೆ ಚೆನ್ನಾಗಿ ಬಂದಷ್ಟೂ ಪ್ರಶ್ನೆಗಳನ್ನು ತಡೆದುಕೊಳ್ಳುವ ಶಕ್ತಿಯೂ ಬೆಳೆಯಬೇಕು.

ಸ್ಪ್ಯಾನಿಷ್ ಅಲ್ಲಿನ ಜನರಲ್ಲಿ ಅನೇಕರ ಮನೆಮಾತೂ ಅಲ್ಲ. ಆ ದೇಶದಲ್ಲಿ 22 ಮಾಯಾ ಭಾಷೆಗಳಿವೆ. ಆಂಟಿಗುವಾ ಸುತ್ತಲಿನದು ಕಕ್ಚಿಕೆಲ್. ಅಜ್ಜಿ ಕಕ್ಚಿಕೆಲ್‌ನಲ್ಲಿ ಹೇಳಿದ್ದಕ್ಕೆ ಮೊಮ್ಮಗಳು ಸ್ಪ್ಯಾನಿಷ್‌ನಲ್ಲಿ ಉತ್ತರಿಸುವುದನ್ನು ಅಲ್ಲಿ ಕೇಳುತ್ತೇವೆ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡ ಕಲಿತ ನಮ್ಮವರಿಗೆ ಈ ದಾರಿ ಹೊಸದಲ್ಲ. ಆಂಟಿಗುವಾದ ಪ್ರೊಯೆಕ್ತೊ ಲಿಂಗ್ವಿಸ್ತಿಕೊ ಫ್ರಾನ್ಸಿಸ್ಕೊ ಮರೊಕಿನ್ ಎಂಬ ಸಂಸ್ಥೆ 1970ರ ದಶಕದಲ್ಲಿ ವಿದೇಶಿಯರಿಗೆ ಸ್ಪ್ಯಾನಿಷ್ ಕಲಿಸುತ್ತಲೇ ಮಾಯಾ ಜನರಿಗೆ ಅವರದೇ ಭಾಷೆಗಳ ವ್ಯಾಕರಣ, ನಿಘಂಟು ಬರೆಯುವ ತರಬೇತಿ ಕೊಟ್ಟಿತು. ಹೊರಗಿನವರ ಕಲಿಕೆಯಿಂದ ಊರಿನವರ ಶಕ್ತಿ ಹೆಚ್ಚಿದ ಇಂಥ ನಿದರ್ಶನವನ್ನು ನಾನು ತುಂಬ ಗೌರವದಿಂದ ನೆನೆಯುತ್ತೇನೆ.

ಎಲ್ಲಕ್ಕಿಂತ ಕಷ್ಟದ್ದು ಮಕ್ಕಳನ್ನು ಬಿಟ್ಟು ಹೊರಡುವ ಪ್ರಶ್ನೆ. ಮಗುವಿಗೆ ಸ್ಥಿರವಾದ, ಬಿಟ್ಟುಹೋಗದ ಆಸರೆ ಎಷ್ಟು ಮುಖ್ಯವೆಂದು ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ವರದಿಯಲ್ಲಿ ಹೇಳಿದ್ದರು. ಸೇವೆಗೆಂದು ಹಲವರು ಹೋಗುವ ಅನಾಥಾಲಯಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆ ಅಥವಾ ತಾಯಿ ಇದ್ದಾರೆ, ಬಡತನ ಅವರನ್ನು ಅಲ್ಲಿಗೆ ತಳ್ಳಿದೆ ಎಂಬುದೂ ಈಗ ತಿಳಿದ ಸಂಗತಿ. ಭೇಟಿಗಾರರ ಹಣಕ್ಕಾಗಿ ಮಕ್ಕಳನ್ನು ಮನೆಯಿಂದ ಬಿಡಿಸಿ ತರುವ ದಂಧೆಯನ್ನು ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿಯ ಕಾಯಿದೆ ತರುವ ಹೊತ್ತಿಗೆ ಗುಲಾಮಗಿರಿಯ ಸಾಲಿಗೇ ಸೇರಿಸಿ ನೋಡಿತು. ಬಂದು ತಬ್ಬಿಕೊಂಡು ಹೋಗುವವರ ಸಾಲು ನಿಲ್ಲದಿದ್ದಾಗ ಮಗು ಯಾರನ್ನು ನೋಡಿದರೂ ತಕ್ಷಣ ತೋಳು ಚಾಚುತ್ತದೆ. ನಾವದನ್ನು ಪ್ರೀತಿ ಎಂದು ಓದಿಕೊಳ್ಳುತ್ತೇವೆ. ಯಾರೂ ಉಳಿಯುವುದಿಲ್ಲ ಎಂದು ಕಲಿತ ಮಗುವಿನ ಆತುರವೂ ಅದಾಗಿರಬಹುದು.

ಸಂಜೆ ಮನೆಗೆ, ತಮ್ಮ ಜನರ ಬಳಿಗೆ ಹಿಂತಿರುಗುವ ಮಕ್ಕಳ ಜೊತೆ ಕೆಲಸ ಮಾಡುವುದೇ ನನಗೆ ಸರಿ ಕಂಡದ್ದು ಇದಕ್ಕಾಗಿ. ಅಲ್ಲಿಯೂ ನಡುವಿನ ಜಾಗ ಊರಿನ ಸೆನ್ಯೊಗಳದು. ಅವರಿಗೆ ಪ್ರತಿ ಮಗುವಿನ ಮನೆ ಗೊತ್ತು, ಯಾವ ತಾಯಿಗೆ ಈ ತಿಂಗಳು ಕೆಲಸ ಸಿಕ್ಕಿಲ್ಲವೆಂದು ಗೊತ್ತು, ಮುಂದಿನ ಜನವರಿಯಲ್ಲಿ ಶಾಲೆ ತೆರೆದಾಗಲೂ ಅವರು ಅಲ್ಲಿರುತ್ತಾರೆ. ಹೊರಗಿನಿಂದ ಬಂದವರ ಕೆಲಸ ಅವರ ಪಕ್ಕದಲ್ಲಿ ನಿಂತು ಅವರ ಹೊರೆ ಹಗುರ ಮಾಡುವುದು. ನಾವು ಹೊರಟ ಮರುದಿನ ಅಲ್ಲಿ ಯಾವ ಕೆಲಸವೂ ನಿಂತುಹೋಗದಿದ್ದರೆ ನಮ್ಮ ಸೇವೆ ಸರಿಯಾದ ಹಾದಿಯಲ್ಲಿತ್ತು ಎಂದರ್ಥ.

ಪರದೇಶದಲ್ಲಿ ಭಾಷೆ ಕಲಿಯುವುದೂ ಮಕ್ಕಳ ಜೊತೆ ಇರುವುದೂ ನನ್ನ ಮಟ್ಟಿಗೆ ಒಂದೇ ಸಾಧನೆಯ ಎರಡು ಮುಖಗಳಾದವು. ಎರಡರಲ್ಲೂ ಅವಸರ ನಡೆಯುವುದಿಲ್ಲ, ಎರಡರಲ್ಲೂ ಕೇಳಿಸಿಕೊಳ್ಳುವುದು ಮಾತಾಡುವುದಕ್ಕಿಂತ ಮೊದಲು ಬರಬೇಕು. ನನ್ನ ಅರ್ಧಂಬರ್ಧ ವಾಕ್ಯ ಮುಗಿಯಲಿ ಎಂದು ಆ ಮಕ್ಕಳು ಅಷ್ಟು ದಿನ ತಾಳಿದರು. ಅವರ ವಾಕ್ಯ ಮುಗಿಯುವ ತನಕ ಕಾಯಲು ಪುರುಸೊತ್ತಿಲ್ಲದವರು ಅವರ ಬದುಕನ್ನು ತಿದ್ದಲು ಹೊರಡಬಾರದು.