ಹಾಜರಿ

ಅರಸೀಕೆರೆಯ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಎಷ್ಟೋ ನವೆಂಬರುಗಳನ್ನು ಕಳೆದವಳು ನಾನು. ಪಿಂಚಣಿದಾರರು ಜೀವಿತ ಪ್ರಮಾಣಪತ್ರ ಕೊಡುವ ತಿಂಗಳದು. ನಮ್ಮ ಇಲಾಖೆಯಲ್ಲೇ ದುಡಿದು ನಿವೃತ್ತರಾದವರು ಕೋಲೂರಿಕೊಂಡು ಬಂದು, ಫಾರಂ ಚಾಚಿ, ‘ಬದುಕಿದೀನಮ್ಮಾ, ನೋಡ್ಕೊಳ್ಳಿ’ ಅನ್ನುತ್ತಿದ್ದರು. ನಾನು ಮುಖ ನೋಡುತ್ತಿದ್ದೆ, ಅವರು ಸಹಿ ಹಾಕುತ್ತಿದ್ದರು. ತಿಂಗಳು ಮುಗಿಯುತ್ತ ಬಂದರೂ ಯಾರಾದರೂ ಕಾಣಿಸದಿದ್ದರೆ ಪೋಸ್ಟ್‌ಮ್ಯಾನಿಗೆ ಹೇಳಿ ವಿಚಾರಿಸಿಕೊಂಡು ಬರುವಂತೆ ಮಾಡುತ್ತಿದ್ದೆ. ಹಾಗೆ ಮಾಡಬೇಕೆಂದು ಯಾವ ನಿಯಮವೂ ಹೇಳಿರಲಿಲ್ಲ.

ಈಗ ಆ ಫಾರಂ ಹಿಡಿದು ನಿಂತವಳು ನಾನು. ಯಜಮಾನರು ತೀರಿಕೊಂಡ ಮೇಲೆ ಮಗ ವರ್ಜೀನಿಯಾದ ಆಶ್‌ಬರ್ನ್‌ಗೆ ಕರೆಸಿಕೊಂಡ. ಮೊದಲ ನವೆಂಬರಿನಲ್ಲಿ ಅರ್ಧ ದಿನ ರಜೆ ಹಾಕಿ ವಾಷಿಂಗ್ಟನ್ನಿನ ನಮ್ಮ ರಾಯಭಾರ ಕಚೇರಿಗೆ ಕರೆದುಕೊಂಡು ಹೋದ. ಎದುರಿಗೆ 2000ದಲ್ಲಿ ನಿಲ್ಲಿಸಿದ ಗಾಂಧೀಜಿಯ ಪ್ರತಿಮೆ, ಕೋಲು ಹಿಡಿದು ಎಲ್ಲಿಗೋ ಹೊರಟ ಹಾಗಿದೆ. ಒಳಗೆ ಅಧಿಕಾರಿ ಪಾಸ್‌ಪೋರ್ಟಿನ ಫೋಟೊ ನೋಡಿದರು, ನನ್ನ ಮುಖ ನೋಡಿದರು, ಮುದ್ರೆ ಒತ್ತಿದರು. ನಾನು ಬದುಕಿರುವುದು ರುಜುವಾತಾಯಿತು. ಕಾರಿನಲ್ಲಿ ಬರುವಾಗ ಅಳು ಬಂತು. ಯಾಕಮ್ಮಾ ಎಂದು ಮಗ ಕೇಳಿದ. ಅವತ್ತು ಹೇಳಲು ಬರಲಿಲ್ಲ.

ಊರಲ್ಲಿ ಬಾಗಿಲ ಮುಂದೆ ರಂಗೋಲಿ ಬಿದ್ದಿದೆಯೋ ಇಲ್ಲವೋ ಎಂದು ಹಾಲಿನವನು ನೋಡುತ್ತಿದ್ದ. ‘ಎರಡು ದಿನದಿಂದ ಕಾಣ್ಲಿಲ್ವಲ್ಲಕ್ಕಾ’ ಎಂದು ಹೂವಿನವಳು ಕೇಳುತ್ತಿದ್ದಳು. ಊರ ಉಸಾಬರಿ ಇವರಿಗೇಕೆ ಎಂದು ನಾನು ಬೈದುಕೊಂಡದ್ದೂ ಉಂಟು. ಅವರೆಲ್ಲ ನನ್ನ ಸಾಕ್ಷಿಗಳಾಗಿದ್ದರು ಎಂದು ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ. ಮಗ, ಸೊಸೆ ಅಕ್ಕರೆಯಿಂದ ನೋಡಿಕೊಳ್ಳುತ್ತಾರೆ. ಆದರೆ ನೋಡಿಕೊಳ್ಳುವುದು ಬೇರೆ, ನೋಡುವುದು ಬೇರೆ. ನೋಡಿಕೊಳ್ಳುವವರ ಕಣ್ಣಿಗೆ ಮೊದಲು ಬೀಳುವುದು ನನ್ನ ಮಂಡಿ, ಮಾತ್ರೆ, ಇನ್ಶೂರೆನ್ಸು. ಅವರನ್ನು ದೂರುವಂತಿಲ್ಲ; ಗ್ರೀನ್ ಕಾರ್ಡ್ ಸಿಕ್ಕಿ 65 ದಾಟಿದ್ದರೂ ನನ್ನಂಥವರು ಮೆಡಿಕೇರ್ ಸೇರಬೇಕಾದರೆ 5 ವರ್ಷ ಇಲ್ಲೇ ನೆಲೆಸಿರಬೇಕು. ಅಲ್ಲಿಯವರೆಗೆ ನನಗೆ ಕೆಮ್ಮು ಬಂದರೂ ಮಗನ ಎದೆ ಹೊಡೆದುಕೊಳ್ಳುತ್ತದೆ.

ಇಲ್ಲಿಯ ಕಾವೇರಿ ಕನ್ನಡ ಸಂಘ 1972ರದ್ದು. ಆ ಕಾಲದಲ್ಲಿ ಬಂದವರು ಪ್ರಾಯದಲ್ಲಿ ಬಂದು, ಒಬ್ಬರ ಮಕ್ಕಳ ನಾಮಕರಣ, ಮದುವೆಗಳನ್ನು ಒಬ್ಬರು ಕಣ್ಣಾರೆ ನೋಡುತ್ತ ಇಲ್ಲೇ ಮುದುಕರಾದರು. ನಾವು ಬರುವಾಗಲೇ ಮುದುಕರು. ನಾನು ಇಪ್ಪತ್ತರಲ್ಲಿ ಹೇಗಿದ್ದೆ, ಟೆಲಿಗ್ರಾಂ ಬರೆದುಕೊಳ್ಳುವಾಗ ನನ್ನ ಕೈ ಎಷ್ಟು ಚುರುಕಾಗಿತ್ತು ಎಂದು ಬಲ್ಲವರು ಈ ನೆಲದಲ್ಲಿ ಒಬ್ಬರೂ ಇಲ್ಲ. ಈ ವಯಸ್ಸಿನಲ್ಲಿ ಹೊಸದಾಗಿ ಬಾಳು ಕಟ್ಟಿಕೊಳ್ಳುವುದೆಂದರೆ ಹೊಸ ಸಾಕ್ಷಿಗಳನ್ನು ಸಂಪಾದಿಸುವುದೇ ಇರಬೇಕು ಎಂದು ನನಗೆ ಅನ್ನಿಸುತ್ತದೆ. ಮನೆಯೊಳಗೆ ಕೂತರೆ ಅವರು ಸಿಗುವುದಿಲ್ಲ.

ನನ್ನ ನಾದಿನಿ ಇರುವುದು ಉತ್ತರ ಕೆರೊಲಿನಾದ ಕೇರಿ ಎಂಬ ಊರಲ್ಲಿ. ಹೆಸರು ಕೇರಿ, ಆದರೆ ಕಾರಿಲ್ಲದೆ ಅಲ್ಲಿ ಎಲ್ಲಿಗೂ ಹೋಗಲಾಗದು ಎನ್ನುತ್ತಾಳೆ. ಅಲ್ಲಿಯ ವೆಂಕಟೇಶ್ವರ ದೇವಸ್ಥಾನದಲ್ಲಿ 2022ರಲ್ಲಿ 87 ಅಡಿಯ ಗೋಪುರ ಎದ್ದಿತು. ಅವಳು ಫೋನಿನಲ್ಲಿ ಹೇಳಿದ್ದು ಗೋಪುರದ ಸುದ್ದಿಯನ್ನಲ್ಲ. ‘ಅತ್ತಿಗೆ, ಅರ್ಚಕರು ಈಗ ನನ್ನ ಗೋತ್ರ ಕೇಳೋದಿಲ್ಲ, ಅವರೇ ಹೇಳ್ತಾರೆ’ ಅಂದಳು. ಆ ದನಿಯಲ್ಲಿದ್ದ ನೆಮ್ಮದಿ ನನಗೆ ಚೆನ್ನಾಗಿ ಅರ್ಥವಾಯಿತು.

ನನಗೆ ಬಾಗಿಲು ತೆರೆದದ್ದು ರೈಲು. 2022ರ ನವೆಂಬರ್ 15ಕ್ಕೆ ಮೆಟ್ರೊದ ಸಿಲ್ವರ್ ಲೈನ್ ಆಶ್‌ಬರ್ನ್‌ವರೆಗೆ ಬಂತು. ಒಂದು ದಿನ ಒಬ್ಬಳೇ ಹತ್ತಿ ಕ್ಯಾಪಿಟಲ್ ಸೌತ್‌ನಲ್ಲಿ ಇಳಿದು ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಹೋದೆ. 1962ರಿಂದ ದೆಹಲಿಯಲ್ಲಿ ಅವರದೊಂದು ಕಚೇರಿ ಇದ್ದು, ಕನ್ನಡ ಪುಸ್ತಕಗಳನ್ನೂ ಕೊಂಡು ಕಳಿಸುತ್ತ ಬಂದಿದೆ. ಓದುಗರ ಕಾರ್ಡಿಗೆ ದುಡ್ಡಿಲ್ಲ. ಫೋಟೊ ತೆಗೆದು ಅಲ್ಲೇ ಕೊಟ್ಟರು. ಈ ದೇಶದ ಮಿಕ್ಕ ಕಾಗದಗಳಿಗೆಲ್ಲ ನಾನು ಮಗನ ಮೂಲಕ ಬಂದವಳು; ಈ ಕಾರ್ಡಿಗೆ ನಾನು ಯಾರ ತಾಯಿ ಎಂಬುದು ಬೇಕಾಗಲಿಲ್ಲ. ವಾಪಸು ಬರುವಾಗ ರೈಲಿನಲ್ಲಿ ಅದನ್ನು ಎರಡು ಸಲ ತೆಗೆದು ನೋಡಿದೆ.

ಹತ್ತಿರದಲ್ಲೇ ಹಳೆಯ ರೈಲುಹಳಿಯ ಜಾಗದಲ್ಲಿ ಮಾಡಿದ 45 ಮೈಲಿಯ ಕಾಲುದಾರಿ ಹಾದುಹೋಗುತ್ತದೆ. ಬೆಳಗ್ಗೆ ಅಲ್ಲಿ ನಡೆಯುತ್ತೇನೆ. ಎದುರಿಗೆ ದಿನವೂ ಒಬ್ಬ ಮುದುಕಿ ಬರುತ್ತಾಳೆ, ಕೊರಿಯಾದವಳಿರಬೇಕು. ಅವಳಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ತಲೆಬಾಗಿ ನಗುವುದಷ್ಟೇ ನಮ್ಮ ಮಾತು. ಹೋದ ತಿಂಗಳು ಜ್ವರ ಬಂದು ಹೊರಗೆ ಕಾಲಿಡಲಿಲ್ಲ. ಸುಧಾರಿಸಿಕೊಂಡು ಹೋದ ದಿನ ದೂರದಿಂದಲೇ ನನ್ನನ್ನು ಕಂಡು ಅವಳು ನಿಂತುಬಿಟ್ಟಳು. ಹತ್ತಿರ ಬಂದು ಉಣ್ಣೆಯ ಕೈಗವಸು ಬಿಚ್ಚಿ, ನಾಲ್ಕು ಬೆರಳು ಎತ್ತಿ ತೋರಿಸಿದಳು. ನಾನು ತಪ್ಪಿಸಿಕೊಂಡದ್ದು ಸರಿಯಾಗಿ ನಾಲ್ಕು ದಿನ.