ನಮ್ಮ ಪರವಾಗಿ ಕೇಳುವವರು

ಹಿಂದಿ ಟಿವಿ ಪತ್ರಕರ್ತ ರವೀಶ್ ಕುಮಾರ್ ಅವರ ‘ಪ್ರೈಮ್ ಟೈಮ್’ ಕಾರ್ಯಕ್ರಮಕ್ಕೆ ದಿಲ್ಲಿ, ಪಟ್ನಾಗಳಲ್ಲಿ ಅಭಿಮಾನಿಗಳಿದ್ದರು ಎಂದರೆ ಅದರಲ್ಲಿ ವಿಶೇಷವಿಲ್ಲ. ಆಂಧ್ರದ ಅನಂತಪುರ ಜಿಲ್ಲೆಯ ನಮ್ಮ ಕುಂದುರ್ಪಿಯಲ್ಲಿ ಮನೆಯೊಳಗೆ ಕನ್ನಡ, ಮಂಡಲ ಕಚೇರಿಯ ಕಾಗದದಲ್ಲಿ ತೆಲುಗು, ಸಂತೆಯಲ್ಲಿ ಎರಡೂ. ಇಂಥ ಊರಿನಲ್ಲೂ ರಾತ್ರಿ ಒಂಬತ್ತಕ್ಕೆ ಎನ್‌ಡಿಟಿವಿ ಇಂಡಿಯಾ ಹಾಕಿಕೊಂಡು ಹಿಂದಿ ಕೇಳುತ್ತ ಕೂರುವವರಿದ್ದರು. ನಾನೂ ಅವರಲ್ಲೊಬ್ಬ. ಸಾಬರ ಬೀದಿಯಲ್ಲಿ ಆಡಿ ಬೆಳೆದವರಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗಿ ಬಂದವರಿಗೆ ಅಷ್ಟು ಹಿಂದಿ ಅರ್ಥವಾಗುತ್ತದೆ. ಅರ್ಥವಾಗದ್ದನ್ನು ಆ ದನಿಯ ನಿಧಾನವೇ ತಿಳಿಸಿಕೊಡುತ್ತಿತ್ತು.

ಬೆಂಗಳೂರಿನ ವಾಹಿನಿಗಳ ಲೆಕ್ಕದಲ್ಲಿ ನಾವು ಆಂಧ್ರದವರು. ತೆಲುಗು ವಾಹಿನಿಗಳ ಲೆಕ್ಕದಲ್ಲಿ ಗಡಿಯಂಚಿನ ಒಂದು ಮಂಡಲ. ಎರಡು ಭಾಷೆಯ ಕೂಗಾಟವನ್ನೂ ಕೇಳಿಸಿಕೊಂಡವರಿಗೆ ಕೂಗದೆ ಮಾತಾಡುವ ಮನುಷ್ಯ ಸಿಕ್ಕಿದ್ದೇ ದೊಡ್ಡ ವಿಷಯವಾಗಿತ್ತು. ರವೀಶ್ ಪಾಠ ಮಾಡುವವರಿಲ್ಲದ ಕಾಲೇಜುಗಳ ಬಗ್ಗೆ, ಪರೀಕ್ಷೆ ಬರೆದು ವರ್ಷಗಟ್ಟಲೆ ನೇಮಕಾತಿಗೆ ಕಾಯುವ ಹುಡುಗರ ಬಗ್ಗೆ ಸರಣಿಯ ಮೇಲೆ ಸರಣಿ ಮಾಡಿದರು. ತೋರಿಸಿದ್ದು ಹೆಚ್ಚಾಗಿ ಉತ್ತರದ ಊರುಗಳನ್ನು. ಆದರೆ ಡಿಗ್ರಿ ಮುಗಿಸಿ, ಮಳೆ ಬಂದರೆ ಶೇಂಗಾ ಹೊಲ, ಬರದಿದ್ದರೆ ಬೆಂಗಳೂರಿನ ಬಸ್ಸು ಎಂದು ಬದುಕುವ ಹುಡುಗ ಇಲ್ಲೂ ಇದ್ದಾನೆ. ಅವನ ಸಂಕಟಕ್ಕೆ ದೇಶದ ಸುದ್ದಿಯಾಗುವ ಯೋಗ್ಯತೆ ಇದೆ ಎಂದು ಮೊದಲು ಹೇಳಿದ್ದು ಆ ಕಾರ್ಯಕ್ರಮ. ನನ್ನ ಅಭಿಮಾನ ಹುಟ್ಟಿದ್ದು ಅಲ್ಲಿ. ಅದಕ್ಕಾಗಿ ನಾನು ಯಾರ ಮುಂದೆಯೂ ಸಂಕೋಚಪಡುವುದಿಲ್ಲ.

2016ರ ಫೆಬ್ರವರಿ 19ರ ರಾತ್ರಿ ಆ ಕಾರ್ಯಕ್ರಮದ ಪರದೆ ಕಪ್ಪಾಯಿತು. ದಿಲ್ಲಿಯ ಜೆಎನ್‌ಯು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಸುತ್ತಲಿನ ಗಲಾಟೆಯ ದಿನಗಳವು. ಚಿತ್ರವಿಲ್ಲ, ಬರೀ ದನಿ. ಬೇರೆ ಬೇರೆ ವಾಹಿನಿಗಳ ನಿರೂಪಕರು ಚೀರುತ್ತಿದ್ದದ್ದನ್ನು ಕತ್ತಲಲ್ಲಿ ಕೇಳಿಸಿದರು. ನಮ್ಮಲ್ಲೊಬ್ಬರು ಡಿಶ್ಶಿನ ವೈರು ಕಿತ್ತುಬಂದಿದೆಯೇನೋ ಎಂದು ಎದ್ದು ಹೋಗಿ ನೋಡಿ, ಸರಿಯಾಗಿಯೇ ಇದೆಯಲ್ಲ ಎಂದು ಹಿಂದೆ ಬಂದು ಕೂತರು. ಆಮೇಲೆ ಯಾರೂ ಏಳಲಿಲ್ಲ. ನೋಡುವುದನ್ನು ಕಿತ್ತುಕೊಂಡಾಗ ನಾವು ಇಷ್ಟು ದಿನ ಏನು ಕೇಳಿಸಿಕೊಳ್ಳುತ್ತಿದ್ದೆವು ಎಂಬುದು ಕಿವಿಗೆ ಬಿತ್ತು.

ಆದರೆ ಈ ಅಭಿಮಾನದಲ್ಲೇ ನನಗೊಂದು ತೊಡಕು ಕಾಣುತ್ತದೆ. ಉದಾರವಾದಿ ನಿಲುವು ಎಂದರೆ ಯಾರ ಮಾತನ್ನೂ ಅವರು ಹೇಳಿದರೆಂಬ ಕಾರಣಕ್ಕೆ ಒಪ್ಪದಿರುವುದು. ಅಭಿಮಾನ ಎಂದರೆ ಹೆಚ್ಚುಕಡಿಮೆ ಅದರ ಉಲ್ಟಾ. ಜರ್ಮನ್ ತತ್ವಜ್ಞಾನಿ ಕಾಂಟ್ 1784ರಲ್ಲಿ ಜ್ಞಾನೋದಯ ಎಂದರೇನೆಂದು ವಿವರಿಸುತ್ತ, ನನ್ನ ಬದಲು ತಿಳಿಯಲು ಪುಸ್ತಕವಿದ್ದರೆ, ನನ್ನ ಬದಲು ಅಂತಃಸಾಕ್ಷಿ ಇಟ್ಟುಕೊಳ್ಳಲು ಪಾದ್ರಿಯಿದ್ದರೆ ನಾನು ಶ್ರಮ ಪಡಬೇಕಾಗಿಲ್ಲ ಎಂಬ ಮನಸ್ಥಿತಿಯನ್ನು ತರಾಟೆಗೆ ತೆಗೆದುಕೊಂಡಿದ್ದ. ಆ ಪಟ್ಟಿಗೆ ನನ್ನ ಬದಲು ಪ್ರಶ್ನೆ ಕೇಳುವ ನಿರೂಪಕನನ್ನೂ ಸೇರಿಸಬೇಕು. ಕಾರ್ಯಕ್ರಮ ಮುಗಿದ ಮೇಲೆ ನಮ್ಮಲ್ಲಿ ಒಂದು ಮಾತು ಬರುತ್ತಿತ್ತು: “ಆಯಪ್ಪ ಕೇಳ್ದ ನೋಡಣ್ಣ, ಬಿಡದಂಗೆ ಕೇಳ್ದ.” ಹಾಗೆ ಹೇಳಿದವರ ಮುಖದಲ್ಲಿ ತಾವೇ ಕೇಳಿದಷ್ಟು ಸಮಾಧಾನ. ಆ ಸಮಾಧಾನವನ್ನೇ ನಾನು ಅನುಮಾನಿಸುವುದು. ದಿಲ್ಲಿಯ ಮಂತ್ರಿಯನ್ನು ಕುಂದುರ್ಪಿಯಲ್ಲಿ ಕೂತು ಮನಸ್ಸಿನಲ್ಲೇ ಪ್ರಶ್ನಿಸಿದರೆ ನನಗೆ ಯಾವ ನಷ್ಟವೂ ಇಲ್ಲ.

ನಷ್ಟವಿರುವುದು ಬೇರೆ ಕಡೆ, ನಮ್ಮೂರಿನ ಗ್ರಾಮಸಭೆಯಲ್ಲಿ. ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಯೋಜನೆ ಶುರುವಾದದ್ದು ನಮ್ಮದೇ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ, 2006ರ ಫೆಬ್ರವರಿ 2ರಂದು. ಆ ಕಾಯ್ದೆಯ 17ನೇ ಕಲಮು ಗ್ರಾಮಸಭೆಗೆ ಸಾಮಾಜಿಕ ತಪಾಸಣೆಯ ಅಧಿಕಾರ ಕೊಟ್ಟಿತ್ತು. ಆಂಧ್ರ ಅದಕ್ಕೆಂದೇ ಒಂದು ಸಂಸ್ಥೆ ಕಟ್ಟಿ ದೇಶಕ್ಕೆ ದಾರಿ ತೋರಿಸಿತು. ಆ ತಪಾಸಣೆಯಲ್ಲಿ ಮಸ್ಟರ್ ರೋಲನ್ನು, ಅಂದರೆ ಕೂಲಿಯವರ ಹಾಜರಿ ಪಟ್ಟಿಯನ್ನು, ಜನರ ಮುಂದೆ ಓದುತ್ತಾರೆ: ಯಾರು, ಎಷ್ಟು ದಿನ, ಎಷ್ಟು ಕೂಲಿ. ಊರು ಬಿಟ್ಟವರ ಹೆಸರೂ ಸತ್ತವರ ಹೆಸರೂ ಅದರಲ್ಲಿ ಬಂದರೆ ಎದ್ದು ನಿಂತು ಹೇಳಬೇಕಾದವರು ನಾವೇ. ಹಾಜರಿ ಬರೆದವನು ಸಂಬಂಧದಲ್ಲಿ ಮಾವನೋ ಭಾವನೋ ಆಗಿರುತ್ತಾನೆ. ನಾಳೆ ನನ್ನ ಹೊಲದ ಕೃಷಿ ಹೊಂಡಕ್ಕೂ ಅವನೇ ಅಳತೆ ಹಾಕಬೇಕು. ಅಲ್ಲಿ ಕೇಳುವ ಒಂದು ಪ್ರಶ್ನೆಗೆ ಟಿವಿಯ ನೂರು ಪ್ರಶ್ನೆ ಸಮವಲ್ಲ ಎಂಬುದು ನನ್ನ ವಾದ. ಹಾಗಂತ ಟಿವಿಯ ಪ್ರಶ್ನೆ ವ್ಯರ್ಥವಲ್ಲ. ಗಂಟಲು ಏರಿಸದೆ, ಕಾಗದ ಕೈಯಲ್ಲಿ ಹಿಡಿದು, ಉತ್ತರ ಜಾರಿದಾಗ ಅದೇ ಪ್ರಶ್ನೆಗೆ ಮತ್ತೆ ಬರುವುದು ಹೇಗೆಂದು ನಾನು ಕಲಿತದ್ದು ಆ ಪರದೆಯಿಂದಲೇ. ಅಭಿಮಾನ ಅಲ್ಲಿಯವರೆಗೆ ಬಂದರೆ ಅದು ನಾಗರಿಕನ ಗುಣ. ಸೋಫಾದಲ್ಲೇ ಉಳಿದರೆ ಬರೀ ರಂಜನೆ.

ಅದಾನಿ ಸಮೂಹವು ಎನ್‌ಡಿಟಿವಿಯಲ್ಲಿ ಶೇ. 29.18 ಪಾಲು ಹೊಂದಿದ್ದ ಆರ್‌ಆರ್‌ಪಿಆರ್ ಕಂಪನಿಯನ್ನು ಕೈಗೆ ತೆಗೆದುಕೊಂಡ ಮೇಲೆ, 2022ರ ನವೆಂಬರ್ 30ರಂದು ರವೀಶ್ ರಾಜೀನಾಮೆ ಕೊಟ್ಟರು. ಅಭಿಮಾನಿಗಳು ಅವರ ಹಿಂದೆಯೇ ಯೂಟ್ಯೂಬಿಗೆ ಹೋದರು, ನಾನೂ ಹೋದೆ. ಅವರ ದನಿ ಉಳಿಯಿತೆಂದು ಎಲ್ಲರೂ ಸಂತೋಷಪಟ್ಟೆವು. ಹೋದದ್ದೇನು ಎಂಬುದರ ಬಗ್ಗೆ ಅಷ್ಟು ಯೋಚಿಸಲಿಲ್ಲ. ವ್ಯಾಖ್ಯಾನ ಮಾಡಲು ಒಬ್ಬರು ಸಾಕು, ಆದರೆ ಸುದ್ದಿ ತರಲು ಊರೂರಿಗೆ ಕಾರು, ಕ್ಯಾಮೆರಾ, ಸಂಬಳ ಪಡೆಯುವ ವರದಿಗಾರರು ಬೇಕು. ನಮ್ಮ ಅಭಿಮಾನವೆಲ್ಲ ಮುಖದ ಮೇಲೆ ನೆಟ್ಟದ್ದರಿಂದ, ಆ ಮುಖದ ಹಿಂದೆ ದುಡಿಯುವವರ ವ್ಯವಸ್ಥೆ ಕೈ ಬದಲಾದಾಗ ನಮಗೆ ಅದು ನಮ್ಮ ನಷ್ಟವೆಂದೇ ಅನ್ನಿಸಲಿಲ್ಲ. ಕುಂದುರ್ಪಿಯಂಥ ಮಂಡಲಗಳು ಮೊದಲು ಕಳೆದುಕೊಳ್ಳುವುದು ವ್ಯಾಖ್ಯಾನಕಾರರನ್ನಲ್ಲ, ಸ್ಥಳಕ್ಕೆ ಬರುವ ವರದಿಗಾರನನ್ನು.

ಕನ್ನಡದವರಿಗೆ ಇದಕ್ಕೊಂದು ಹಳೆಯ ಪಾಠವಿದೆ. 1980ರಲ್ಲಿ ಪಿ. ಲಂಕೇಶ್ ಶುರುಮಾಡಿದ ಪತ್ರಿಕೆ ಜಾಹೀರಾತು ತೆಗೆದುಕೊಳ್ಳದೆ ನಡೆಯಿತು. ಓದುಗರೂ ಅಭಿಮಾನಿಗಳೇ, ಲಂಕೇಶರ ಒಂದೊಂದು ಮಾತಿಗೂ ಕಾಯುತ್ತಿದ್ದವರೇ. ಆದರೆ ಅವರ ಅಭಿಮಾನ ವಾರವಾರ ಅಂಗಡಿಯಲ್ಲಿ ಕಾಸು ಕೊಟ್ಟು ಪತ್ರಿಕೆ ಕೊಳ್ಳುತ್ತಿತ್ತು, ಆ ಕಾಸಿನಲ್ಲಿ ವರದಿಗಾರರು ಓಡಾಡುತ್ತಿದ್ದರು. ಲಂಕೇಶರ ಜೊತೆ ಜಗಳ ಆಡಿದವರೂ ಪತ್ರಿಕೆ ಕೊಳ್ಳುವುದನ್ನು ಬಿಡಲಿಲ್ಲ. ಆ ಪರಂಪರೆಯಲ್ಲಿ ಮುಂದುವರಿದ ಅವರ ಮಗಳು ಗೌರಿ ಲಂಕೇಶ್ 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ತಮ್ಮ ಮನೆಯ ಮುಂದೆಯೇ ಗುಂಡಿಗೆ ಬಲಿಯಾದರು. ಪ್ರಶ್ನೆ ಕೇಳಿದವರು ತೆತ್ತ ಬೆಲೆ ಅದಾದರೆ, ಕೇಳಿಸಿಕೊಂಡ ನಾವು ಏನೂ ತೆರದೆ ಉಳಿಯುವುದು ಯಾವ ನ್ಯಾಯ?

ಜಗಳದ ಮಾತು ಬಂದದ್ದರಿಂದ ನನ್ನ ತಕರಾರನ್ನೂ ಹೇಳುತ್ತೇನೆ. 2019ರ ಚುನಾವಣೆಯ ಮುಂಚೆ ರವೀಶ್, ಎರಡೂವರೆ ತಿಂಗಳು ಸುದ್ದಿ ವಾಹಿನಿಗಳನ್ನೇ ನೋಡಬೇಡಿ ಎಂದು ಜನರನ್ನು ಕೇಳಿಕೊಂಡರು. ಅದೇ ವರ್ಷ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ನಾನು ಹಿಗ್ಗಿದ್ದೇನೆ, ಆದರೆ ಈ ಸಲಹೆಯನ್ನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ನಾಲ್ಕು ಪತ್ರಿಕೆ ತರಿಸಿಕೊಂಡು ಇಂಗ್ಲಿಷಿನಲ್ಲಿ ಓದಬಲ್ಲವರಿಗೆ ಟಿವಿ ಆರಿಸುವುದು ಸುಲಭ. ಓದು ಬಾರದ ನಮ್ಮ ಅಜ್ಜಿಯಂದಿರಿಗೆ ದೇಶದ ಸುದ್ದಿ ಬರುವ ಬಾಗಿಲು ಅದೊಂದೇ. ಕೆಟ್ಟ ವಾಹಿನಿಯನ್ನೂ ಅವರ ಪಕ್ಕ ಕೂತು ನೋಡಬೇಕು, “ಇದು ಸುಳ್ಳು ಕಣಜ್ಜಿ, ಯಾಕಂದ್ರೆ...” ಎಂದು ಅಲ್ಲೇ ಹೇಳಬೇಕು. ಅವರು ಒಪ್ಪದಿದ್ದರೆ ಮಾರನೇ ದಿನವೂ ಕೂರಬೇಕು.